ಐದು ದಿನದ ದುಬೈ: ಪೆಟ್ಟಿಗೆ ಕಟ್ಟುವ ಮೊದಲು

ಹಳೇಬೀಡಿನ ಮಗ್ಗುಲಲ್ಲೇ ಇರುವ ಬಸ್ತಿಹಳ್ಳಿಯವರಿಗೆ ಪ್ರವಾಸಿಗರು ಹೊಸಬರಲ್ಲ. ಬಸದಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಚಿಕ್ಕಮಗಳೂರು ಎಂದು ಓಡುವ ಕುಟುಂಬಗಳು ಕಾಣುತ್ತವೆ. ಏಪ್ರಿಲ್ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ನಡೆಯುವವರು, ನೀರಿಲ್ಲದೆ ಮುಖ ಕೆಂಪಾದ ಮಕ್ಕಳು. 'ಇಷ್ಟು ಅವಸರ ಯಾತಕ್ಕೋ' ಎಂದು ನಾವು ನಗುತ್ತೇವೆ. ಆದರೆ ನಾವೇ ಮೊದಲ ಸಲ ದುಬೈಗೆ ಹೊರಟಾಗ ಮಾಡುವುದೂ ಇದನ್ನೇ.

ಕಳೆದ ವರ್ಷ ಮೇ ತಿಂಗಳಲ್ಲಿ ಬಸ್ತಿಹಳ್ಳಿಯ ಒಬ್ಬ ತಾಯಿ ನನ್ನ ದವಾಖಾನೆಗೆ ಬಂದರು. ವಯಸ್ಸು ಅರವತ್ತು ದಾಟಿದೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ರಾತ್ರಿ ಅಂಗಾಲು ಉರಿ. ಮಗ ದುಬೈಯಲ್ಲಿ ಎ.ಸಿ. ರಿಪೇರಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದೆ.

"ಜುಲೈನಲ್ಲಿ ಟಿಕೆಟ್ ಅಗ್ಗವಂತೆ ಬೇಟಾ. ಐದು ದಿನಕ್ಕೆ ಬಂದು ಹೋಗು ಅಮ್ಮಿ ಅಂತಾನೆ. ಐದೇ ದಿನ ತಾನೆ, ಈ ಮಾತ್ರೆ ಗಂಟೆಲ್ಲ ಹೊತ್ಕೊಂಡು ಹೋಗ್ಬೇಕಾ?"

"ಖಾಲಾ, ಐದೇ ದಿನ ಅನ್ನೋದಕ್ಕೇ ಹೆಚ್ಚು ಹುಷಾರಾಗಿರಬೇಕು" ಎಂದೆ.

ಕಾರಣ ಸರಳ. ಹೊಸ ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಐದು ದಿನಕ್ಕೆ ಹೋದವರು ಒಗ್ಗಿಕೊಳ್ಳುವ ಮೊದಲೇ ವಾಪಸು ಬಂದಿರುತ್ತಾರೆ. ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತೇವೆ: ಗಾಳಿ, ಅನ್ನ-ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಮನೆಯಲ್ಲಿದ್ದಾಗ ಇವುಗಳಲ್ಲಿ ಒಂದೋ ಎರಡೋ ಏರುಪೇರಾಗಬಹುದು. ಪ್ರಯಾಣದಲ್ಲಿ ಆರೂ ಒಂದೇ ದಿನ ಬದಲಾಗುತ್ತವೆ. ಅದಕ್ಕೇ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಪ್ರಯಾಣಿಕರ ಪಾಲನೆಗೆಂದೇ ಒಂದು ಭಾಗ ಇಟ್ಟಿದ್ದಾರೆ.

ಯಾವ ತಿಂಗಳು?

ದುಬೈಗೆ ಹೋಗಲು ಹಿತವಾದ ಕಾಲ ನವೆಂಬರ್‌ನಿಂದ ಮಾರ್ಚ್. ಆಗ ಹಗಲು ನಮ್ಮೂರಿನ ಹಗಲಿನಂತೆಯೇ ಇರುತ್ತದೆ, ರಾತ್ರಿ ತಂಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿನ ಬಿಸಿ 40 ಡಿಗ್ರಿ ದಾಟುತ್ತದೆ. ಕಡಲ ತೀರದ ಊರಾದ್ದರಿಂದ ಅದರ ಜೊತೆಗೆ ಸೆಕೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಅಲ್ಲಿನ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನು ಮಾಡಿದೆ. ಗಟ್ಟಿಮುಟ್ಟಾದ ಯುವಕರಿಗೇ ಬೇಡವೆಂದ ಬಿಸಿಲು ಅರವತ್ತು ದಾಟಿದ ತಾಯಿಗೆ ಬೇಕೇ? ಖಾಲಾ ಎದುರಿಗೇ ಅವರ ಮಗನಿಗೆ ಫೋನ್ ಮಾಡಿದೆ. ಟಿಕೆಟ್‌ನಲ್ಲಿ ಉಳಿಸಿದ ಹಣ ಆಸ್ಪತ್ರೆಗೆ ಹೋಗಬಹುದು ಎಂದು ಹೇಳಿದ ಮೇಲೆ ಡಿಸೆಂಬರ್‌ಗೆ ಒಪ್ಪಿದ.

ಪೆಟ್ಟಿಗೆಯಲ್ಲಿ ಏನಿರಬಾರದು?

ಮಗನಿಗೆಂದು ಖಾಲಾ ಪಟ್ಟಿ ಮಾಡಿದ್ದರು: ಮನೆಯಲ್ಲಿ ಕುಟ್ಟಿದ ಮಟನ್ ಮಸಾಲೆ ಪುಡಿ, ತೋಟದ ಕೊಬ್ಬರಿ, ತಮಗೆ ಎಲೆ-ಅಡಿಕೆ. ಒಂದೊಂದರಲ್ಲೂ ತೊಡಕಿದೆ.

ನಮ್ಮ ಕಡೆಯ ಮಸಾಲೆ ಪುಡಿಗೆ ಗಸಗಸೆ ಬೀಳುತ್ತದೆ. ಯು.ಎ.ಇ.ಯಲ್ಲಿ ಗಸಗಸೆ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ, ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೇ ಬರುತ್ತದೆ. 'ಅಡುಗೆಗೆ ತಂದದ್ದು' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ವೀಳ್ಯದೆಲೆ, ಪಾನ್, ಗುಟ್ಕಾ ಕೂಡ ಒಯ್ಯಬಾರದು. ಇಡೀ ಒಣ ಕೊಬ್ಬರಿಯನ್ನು ವಿಮಾನಕ್ಕೇ ಬಿಡುವುದಿಲ್ಲ. ಎಣ್ಣೆ ತುಂಬಿದ ಅದು ಬೆಂಕಿ ಹತ್ತಬಹುದಾದ ವಸ್ತುಗಳ ಸಾಲಿನಲ್ಲಿದೆ. ಅರಸೀಕೆರೆ ಸೀಮೆಯವರು ಇದನ್ನು ನೆನಪಿಡಬೇಕು, ಕೊಬ್ಬರಿ ಇಲ್ಲದೆ ಉಡುಗೊರೆ ಕಟ್ಟುವ ಅಭ್ಯಾಸವೇ ನಮಗಿಲ್ಲ.

ಔಷಧಿಯ ವಿಷಯ ಇನ್ನೂ ಸೂಕ್ಷ್ಮ. ಖಾಲಾ ಅವರ ಅಂಗಾಲು ಉರಿಗೆ ಹಾಸನದ ವೈದ್ಯರು ಪ್ರಿಗಾಬಾಲಿನ್ ಮಾತ್ರೆ ಬರೆದಿದ್ದರು. ಇಲ್ಲಿ ಅದು ಸಾಮಾನ್ಯ ಮಾತ್ರೆ, ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಿ. ನೋವಿನ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಕೊಡುವ ಆಲ್ಪ್ರಝೋಲಾಮ್ ಕೂಡ ಹಾಗೆಯೇ. ಇವುಗಳಿಗೆ ಅಲ್ಲಿನ ಸರ್ಕಾರದಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ನಾನಾಗಿ ಮಾತ್ರೆ ನಿಲ್ಲಿಸಲಿಲ್ಲ, ಬರೆದ ವೈದ್ಯರ ಬಳಿಗೇ ಕಳಿಸಿದೆ. ಅವರು ಬೇರೆ ಮಾತ್ರೆಗೆ ಬದಲಾಯಿಸಿ, ಒಗ್ಗುತ್ತದೆಯೇ ಎಂದು ಎರಡು ತಿಂಗಳು ನೋಡಿದರು. ತಿಂಗಳುಗಳ ಮೊದಲೇ ವೈದ್ಯರನ್ನು ಕಾಣಿ ಎನ್ನುವುದು ಇದಕ್ಕೇ.

ನಮ್ಮ ಯೂನಾನಿ ಔಷಧಿಗಳಿಗೂ ರಿಯಾಯಿತಿ ಇಲ್ಲ. ಖಮೀರಾ ಖಶ್‌ಖಾಶ್‌ನಲ್ಲಿ ಗಸಗಸೆ ಇದೆ, ಬರ್ಶಅಶಾ ಎಂಬ ಹಳೆಯ ಮಾಜೂನಿನಲ್ಲಿ ಅಫೀಮು ಇದೆ. ಇವನ್ನು ಖಂಡಿತ ಒಯ್ಯಬೇಡಿ. ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪ್ರಯಾಣಕ್ಕೆ ಹೊರಟ ರೋಗಿಯೊಬ್ಬರಿಗೆ ಅಜೀರ್ಣದ ಚೂರ್ಣವನ್ನು ಚೀಟಿಯಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದೆ. ಬಿಳಿ ಪುಡಿಯ ಪೊಟ್ಟಣ ಕಂಡು ವಿಮಾನ ನಿಲ್ದಾಣದಲ್ಲಿ ಅವರನ್ನು ಬಹಳ ಹೊತ್ತು ಕೂರಿಸಿದರು. ಅಂದಿನಿಂದ ದೂರ ಹೋಗುವವರಿಗೆ ಬಿಡಿ ಪುಡಿ ಕೊಡುವುದಿಲ್ಲ. ಯಾವ ಔಷಧಿಯಾದರೂ ಕಂಪನಿಯ ಮೂಲ ಡಬ್ಬಿಯಲ್ಲೇ ಇರಲಿ. ಔಷಧಿಯ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ ಜೊತೆಗಿರಲಿ.

ದಾರಿಯ ದಣಿವು

ಬಸ್ತಿಹಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಐದಾರು ಗಂಟೆ, ಅಲ್ಲಿ ಮೂರು ಗಂಟೆ ಕಾಯುವಿಕೆ, ಹಾರಾಟ ಸುಮಾರು ನಾಲ್ಕು ಗಂಟೆ. ಅರ್ಧ ದಿನಕ್ಕೂ ಹೆಚ್ಚು ಕಾಲು ಇಳಿಬಿಟ್ಟು ಕೂರುವ ಲೆಕ್ಕ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ-ಕೆಳಗೆ ಮಾಡಿ. ಇನ್ಸುಲಿನ್ ಮತ್ತು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಕಳೆದುಹೋಗಬಹುದು, ಇನ್ಸುಲಿನ್ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ನಮ್ಮ 7:30 ಅವರ 6 ಗಂಟೆ. ಮಾತ್ರೆಯನ್ನು ಊಟದ ಜೊತೆಗೆ ಹೊಂದಿಸಿಕೊಂಡರೆ ಸಾಕು.

ನಮ್ಮ ಹೆಣ್ಣುಮಕ್ಕಳದ್ದೊಂದು ಅಭ್ಯಾಸವಿದೆ. ಶೌಚಾಲಯ ಸಿಗದೇನೋ ಎಂಬ ಸಂಕೋಚಕ್ಕೆ ನೀರೇ ಕುಡಿಯುವುದಿಲ್ಲ. ದುಬೈಯ ಮಾಲ್‌ಗಳಲ್ಲಿ, ಮಸೀದಿಗಳಲ್ಲಿ ಶುಚಿಯಾದ ಶೌಚಾಲಯಗಳಿವೆ. ಧೈರ್ಯವಾಗಿ ಕುಡಿಯಿರಿ. ಮೂತ್ರದ ಬಣ್ಣ ತಿಳಿಯಾಗಿದ್ದರೆ ನೀರು ಸಾಕಾಗಿದೆ, ಗಾಢ ಹಳದಿಯಾದರೆ ಸಾಲದು. ಇದು ಹಕೀಮರ ಹಳೆಯ ಪರೀಕ್ಷೆ, ಮನೆಯಲ್ಲೇ ಮಾಡಿಕೊಳ್ಳಬಹುದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯನ್ನೇ ಪಾಲಿಸಬೇಕು.

ಕಾಲು ಮತ್ತು ಗಾಳಿ

ದುಬೈ ನೋಡುವುದೆಂದರೆ ನಡೆಯುವುದು. ಮೆಟ್ರೋ ನಿಲ್ದಾಣದಿಂದ ದುಬೈ ಮಾಲ್‌ಗೆ ಹೋಗುವ ಮುಚ್ಚಿದ ಸೇತುವೆಯೇ ಮುಕ್ಕಾಲು ಕಿಲೋಮೀಟರಿಗಿಂತ ಉದ್ದ. ಹೊಸ ಚಪ್ಪಲಿ ಕೊಂಡು ಅದೇ ದಿನ ಹೊರಡಬೇಡಿ, ತಿಂಗಳು ಮೊದಲೇ ಹಾಕಿ ಪಳಗಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಮರಳು ಸುಟ್ಟರೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ನಲ್ಲಿಯ ನೀರೂ ಸುಡುತ್ತದೆ, ವುಝೂ ಮಾಡುವಾಗ ಕಾಲಿಗೆ ಹಾಕುವ ಮೊದಲು ಕೈಯಲ್ಲಿ ನೋಡಿ. ವುಝೂ ನಂತರ ಬೆರಳ ಸಂದುಗಳನ್ನು ಒರೆಸಿಕೊಳ್ಳಿ, ಒದ್ದೆಯಲ್ಲೇ ಕಾಲುಚೀಲ ಹಾಕಿದರೆ ಹುಣ್ಣಾಗುತ್ತದೆ. ಮಲಗುವ ಮೊದಲು ಅಂಗಾಲನ್ನು ಮಕ್ಕಳಿಂದ ನೋಡಿಸಿಕೊಳ್ಳಿ.

ಒಳಗೆ ಎ.ಸಿ.ಯ ಚಳಿ, ಹೊರಗೆ ಬಿಸಿಲು. ಬಾಗಿಲು ದಾಟಿದಾಗಲೆಲ್ಲ ಮೈಗೆ ಪೆಟ್ಟು. ಒಂದು ಶಾಲು ಸದಾ ಹೆಗಲ ಮೇಲಿರಲಿ. ಮರಳುಗಾಡಿನ ಸಫಾರಿಯಲ್ಲಿ ಜೀಪು ದಿಬ್ಬಗಳ ಮೇಲೆ ಹಾರಿಸುತ್ತಾರೆ. ಗರ್ಭಿಣಿಯರು, ಬೆನ್ನುನೋವಿನವರು, ಹೃದಯ ರೋಗಿಗಳು ಅದನ್ನು ಹತ್ತಲೇಬಾರದು.

ಊಟದಲ್ಲಿ ಎರಡು ಮಾತು ಸಾಕು. ಖರ್ಜೂರ ಒಳ್ಳೆಯದೇ, ಆದರೆ ಸಕ್ಕರೆ ಇರುವವರಿಗೆ ಒಂದೆರಡು ಮಾತ್ರ. ಕರಕ್ ಚಹಾ ಸಿಹಿ ಹೆಚ್ಚು, ಅದರ ಬದಲು ಲಬನ್ ಕುಡಿಯಿರಿ, ಅದು ನಮ್ಮ ಮಜ್ಜಿಗೆಯ ಬಳಗವೇ.

ಐದು ದಿನದ ಹಂಚಿಕೆ

ಖಾಲಾ ಮಗನಿಗೆ ನಾನು ಬರೆದುಕೊಟ್ಟದ್ದು ಇಷ್ಟೇ. ಮೊದಲ ದಿನ ನಿದ್ದೆ, ಸಂಜೆ ಮನೆಯ ಸುತ್ತ ನಡಿಗೆ. ಎರಡನೆಯ ದಿನ ಬೆಳಿಗ್ಗೆ ದೇರಾ ಕಡೆಯ ಹಳೆಯ ಪೇಟೆ ಮತ್ತು ಖಾಡಿಯಲ್ಲಿ ಅಬ್ರಾ ದೋಣಿ. ಮೂರನೆಯ ದಿನ ಬಿಸಿಲಿಳಿದ ಮೇಲೆ 828 ಮೀಟರ್ ಎತ್ತರದ ಬುರ್ಜ್ ಖಲೀಫಾ. ನಾಲ್ಕನೆಯ ದಿನ ಖಾಲಿ ಬಿಡುವುದು. ಐದನೆಯ ದಿನ ವಾಪಸು. ದಿನಕ್ಕೊಂದೇ ಜಾಗ, ಝುಹರ್ ನಂತರ ಅಸರ್‌ವರೆಗೆ ವಿಶ್ರಾಂತಿ. ನಮಾಝ್ ಕಸರ್ ಮಾಡುವ ಬಗ್ಗೆ ನಿಮ್ಮ ಇಮಾಮರಲ್ಲಿ ಮೊದಲೇ ಕೇಳಿಕೊಳ್ಳಿ. ಪ್ರಯಾಣ ವಿಮೆ ಮಾಡಿಸಿ, ಅಲ್ಲಿನ ಚಿಕಿತ್ಸೆ ದುಬಾರಿ. ಆಂಬುಲೆನ್ಸ್‌ಗೆ 998 ಎಂಬ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

"ನಾಲ್ಕನೇ ದಿನ ಯಾಕೆ ಖಾಲಿ?" ಎಂದು ಖಾಲಾ ಕೇಳಿದ್ದರು.

"ಅವತ್ತು ಮಗ ಮಲಗೋ ರೂಮು ನೋಡಿ. ಎಷ್ಟು ಗಂಟೆ ನಿದ್ದೆ ಮಾಡ್ತಾನೆ, ಏನು ತಿಂತಾನೆ, ನೀರು ಕುಡೀತಾನಾ, ಕೇಳಿ" ಎಂದಿದ್ದೆ.

ಜನವರಿಯಲ್ಲಿ ಖಾಲಾ ಬಂದರು. ಪಾದದಲ್ಲಿ ಗಾಯವಿಲ್ಲ, ಸಕ್ಕರೆ ಸ್ವಲ್ಪವೇ ಏರಿತ್ತು. ಬುರ್ಜ್ ಹೇಗಿತ್ತು ಎಂದೆ. "ಕತ್ತು ನೋವು ಬರೋಷ್ಟು ಎತ್ತರ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. ಒಂದು ಕೋಣೆಯಲ್ಲಿ ಆರು ಜನ. ಮಾಳಿಗೆಯ ಮೇಲೆ ಕೆಲಸ ಮಾಡುವಾಗ ಪದೇ ಪದೇ ಕೆಳಗಿಳಿಯಬೇಕಾಗುತ್ತದೆಂದು ಮಗ ನೀರೇ ಕುಡಿಯುತ್ತಿರಲಿಲ್ಲ. ಮೂತ್ರ ಉರಿ, ಸೊಂಟದ ನೋವನ್ನು ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಅಮ್ಮಿಯ ಹಟಕ್ಕೆ ನಾಲ್ಕನೆಯ ದಿನವೇ ಕ್ಲಿನಿಕ್‌ಗೆ ಹೋಗಿ ತೋರಿಸಿದ. ಮೂತ್ರಪಿಂಡದಲ್ಲಿ ಸಣ್ಣ ಕಲ್ಲು. ಹೆಚ್ಚು ನೀರು ಮತ್ತು ಔಷಧಿಯಲ್ಲೇ ಹೋಗುವಷ್ಟು ಚಿಕ್ಕದು, ಅಲ್‌ಹಮ್ದುಲಿಲ್ಲಾಹ್.

ಈಗ ದಿನಾ ಇಶಾ ಆದ ಮೇಲೆ ಖಾಲಾ ಮಗನಿಗೆ ಫೋನ್ ಮಾಡುತ್ತಾರೆ. ಸಲಾಮ್ ಆದ ಕೂಡಲೇ ಕೇಳುವುದು ಒಂದೇ ಮಾತು: "ಇವತ್ತು ಎಷ್ಟು ಬಾಟ್ಲಿ ನೀರು ಕುಡಿದೆ?"

ನಿಮ್ಮ ಮಕ್ಕಳು ಕೊಲ್ಲಿಯಲ್ಲಿದ್ದರೆ ಪೆಟ್ಟಿಗೆ ಕಟ್ಟುವಾಗ ಈ ಪ್ರಶ್ನೆಯನ್ನೂ ಕಟ್ಟಿಕೊಳ್ಳಿ. ಪ್ರಯಾಣ ಸುಖವಾಗಲಿ, ಆಫಿಯತ್‌ನೊಂದಿಗೆ ಮನೆಗೆ ಮರಳಿ.