ಪತ್ತೇದಾರನ ಒಲವು, ಪತ್ತೇದಾರನ ಧರ್ಮ

ಪತ್ತೇದಾರಿ ಕಥೆಗಳೆಂದರೆ ಕೇವಲ ಕಾಲಹರಣದ ಸರಕೆಂದು ಬಗೆಯುವವರು ನಮ್ಮಲ್ಲಿ ಬಹುಮಂದಿ. ಆದರೆ ಅಪರಾಧಿಯನ್ನು ಅರಸಿ ಹೊರಟವನ ಮನಸ್ಸು ಸಂಶಯಕ್ಕೊಳಗಾದ ಹೆಣ್ಣಿನತ್ತಲೇ ಒಲಿದರೆ ಅವನು ಮಾಡಬೇಕಾದುದೇನು? ಈ ಪ್ರಶ್ನೆಯನ್ನು ಎತ್ತಿಕೊಂಡ ಕೃತಿಗಳು ಕುತೂಹಲವನ್ನು ದಾಟಿ ಧರ್ಮಜಿಜ್ಞಾಸೆಯಾಗುತ್ತವೆ. ಅಂಥ ಎರಡು ಕೃತಿಗಳನ್ನು ಇಲ್ಲಿ ಪರಿಶೀಲಿಸೋಣ. ಒಂದು ಅಮೆರಿಕೆಯ ಕಾದಂಬರಿ, ಇನ್ನೊಂದು ದಕ್ಷಿಣ ಕೊರಿಯಾದ ಚಲನಚಿತ್ರ.

ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದ ಅನುಭವಿ. ಅವನ 'ದಿ ಮಾಲ್ಟೀಸ್ ಫಾಲ್ಕನ್' 1930ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. 1941ರಲ್ಲಿ ಜಾನ್ ಹಸ್ಟನ್ ಅದನ್ನು ಚಲನಚಿತ್ರವಾಗಿಸಿದನು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಪತ್ತೇದಾರ ಸ್ಯಾಮ್ ಸ್ಪೇಡ್‌ನ ಬಳಿಗೆ ಬ್ರಿಜಿಡ್ ಎಂಬಾಕೆ ಸುಳ್ಳು ಹೆಸರಿನಿಂದ ನೆರವು ಬೇಡಿ ಬರುತ್ತಾಳೆ. ಅಂದಿನ ರಾತ್ರಿಯೇ ಅವನ ಪಾಲುದಾರ ಆರ್ಚರ್ ಗುಂಡೇಟಿಗೆ ಬಲಿಯಾಗುತ್ತಾನೆ. ಸ್ಪೇಡ್ ಸಾಧುಪುರುಷನೇನಲ್ಲ, ಆರ್ಚರನ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ. ಬ್ರಿಜಿಡಳಲ್ಲಿ ಅವನ ಮನಸ್ಸು ನೆಟ್ಟಿತು. ಆದರೆ ಕೊಂದವಳು ಅವಳೇ ಎಂಬುದು ಸಿದ್ಧವಾದಾಗ, ಅವಳ ಕಣ್ಣೀರಿಗೆ ಕರಗದೆ ಪೊಲೀಸರಿಗೆ ಒಪ್ಪಿಸುತ್ತಾನೆ. ಒಲವು ಇಲ್ಲವೆಂದು ಅವನು ಹೇಳುವುದಿಲ್ಲ. ಒಲವಿದ್ದರೂ ಸತ್ತ ಪಾಲುದಾರನ ಋಣ ತೀರಬೇಕೆಂಬುದು ಅವನ ನಿಲುವು.

ಪಾರ್ಕ್ ಚಾನ್-ವೂಕ್ ನಿರ್ದೇಶಿಸಿದ 'ಡಿಸಿಷನ್ ಟು ಲೀವ್' ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ತೋರುತ್ತದೆ. 2022ರ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಸಂದಿತು. ಬೂಸಾನ್ ನಗರದ ಹೇ-ಜುನ್ ನಿದ್ರೆಯಿಲ್ಲದೆ ಬಳಲುವ, ಕರ್ತವ್ಯನಿಷ್ಠನಾದ ಪೊಲೀಸ್ ಅಧಿಕಾರಿ, ವಿವಾಹಿತ. ಬೆಟ್ಟದ ಬಂಡೆಯಿಂದ ಬಿದ್ದು ಸತ್ತವನೊಬ್ಬನ ಪತ್ನಿ ಸೊ-ರೇ ಚೀನಾದಿಂದ ಬಂದವಳು. ವೃದ್ಧರ ಆರೈಕೆ ಅವಳ ವೃತ್ತಿ. ಪತಿಯ ಹಿಂಸೆಯನ್ನು ಅನುಭವಿಸಿದವಳೆಂಬುದೂ ತಿಳಿಯುತ್ತದೆ. ಕಾವಲಿನ ಕಣ್ಣು ಕ್ರಮೇಣ ಕನಿಕರದ ಕಣ್ಣಾಗಿ, ಕನಿಕರವು ಒಲವಾಗುತ್ತದೆ. ಮರಣವು ಆತ್ಮಹತ್ಯೆಯೆಂದು ಪ್ರಕರಣ ಮುಗಿಯುತ್ತದೆ.

ಅನಂತರ ಸತ್ಯ ಹೊರಬೀಳುತ್ತದೆ. ಸೊ-ರೇ ಆರೈಕೆ ಮಾಡುತ್ತಿದ್ದ ವೃದ್ಧೆಯ ಫೋನಿನಲ್ಲಿ, ಪತಿ ಸತ್ತ ದಿನ 138 ಅಂತಸ್ತುಗಳಷ್ಟು ಎತ್ತರ ಏರಿದ ದಾಖಲೆಯಿದೆ. ಹಾಸಿಗೆ ಹಿಡಿದ ಮುದುಕಿ ಬೆಟ್ಟ ಹತ್ತಿದಳೇ? ಆ ದಿನ ಫೋನು ಸೊ-ರೇಯ ಕೈಯಲ್ಲಿತ್ತು. ಹೇ-ಜುನ್ ತಾನು ಒಳಗೊಳಗೇ ಕುಸಿದುಹೋದೆನೆಂದು ನುಡಿದು, ಅದನ್ನು ಆಳವಾದ ಕಡಲಿಗೆ ಎಸೆಯೆಂದು ಅವಳಿಗೇ ಹೇಳಿ ಹೊರಟುಹೋಗುತ್ತಾನೆ.

ಇಲ್ಲಿ ವಾಚಕರು ಕ್ಷಣಕಾಲ ನಿಲ್ಲಬೇಕು. ಒಬ್ಬ ನೊಂದ ಹೆಣ್ಣನ್ನು ಉಳಿಸಿದ ಈ ಕಾರ್ಯ ಮೇಲ್ನೋಟಕ್ಕೆ ಔದಾರ್ಯದಂತೆ ಕಾಣುತ್ತದೆ. ಅದರ ಫಲವಾದರೋ ಭೀಕರ. ಅವನ ಆ ಮಾತುಗಳನ್ನು ಅವಳು ಧ್ವನಿಮುದ್ರಿಸಿ ಕಾಪಾಡಿಕೊಂಡಿದ್ದಳು. ಮುಂದೆ ಅವಳ ಎರಡನೆಯ ಪತಿಗೆ ಅದು ದೊರೆತು, ಬಯಲು ಮಾಡುವೆನೆಂದು ಬೆದರಿಸುತ್ತಾನೆ. ಹೇ-ಜುನನ ಮಾನವನ್ನು ಕಾಯಲು ಅವಳು ಹೂಡಿದ ತಂತ್ರದಲ್ಲಿ ಆ ಪತಿಯೂ ಒಬ್ಬ ರೋಗಿ ವೃದ್ಧೆಯೂ ಜೀವ ಕಳೆದುಕೊಳ್ಳುತ್ತಾರೆ. ಹೇ-ಜುನನ ಪತ್ನಿ ಅವನನ್ನು ತೊರೆಯುತ್ತಾಳೆ. ಕೊನೆಗೆ ಸೊ-ರೇ ಕಡಲತಡಿಯಲ್ಲಿ ತಾನೇ ಕುಳಿ ತೋಡಿ, ಅದರೊಳಗೆ ಕುಳಿತು, ಏರುವ ಅಲೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಅದೇ ಮರಳನ್ನು ತುಳಿಯುತ್ತ ಹೇ-ಜುನ್ ಅವಳನ್ನು ಕೂಗಿ ಅರಸುತ್ತಾನೆ.

ಸ್ಪೇಡ್ ಒಲಿದವಳನ್ನು ಕಾನೂನಿಗೆ ಒಪ್ಪಿಸಿದನು; ಹೇ-ಜುನ್ ಒಲಿದವಳಿಗಾಗಿ ಕಾನೂನನ್ನು ಕೈಬಿಟ್ಟನು. ಮೊದಲನೆಯವನು ಕಠಿಣನೆಂದೂ ಎರಡನೆಯವನು ಕರುಣಾಳುವೆಂದೂ ನಮಗೆ ತೋರುವುದು ಸಹಜ. ಆದರೆ ಮರುಗುವುದು ಬೇರೆ, ಮರೆಮಾಚುವುದು ಬೇರೆ. ಪತಿಯ ಹಿಂಸೆಯನ್ನು ಬೆಳಕಿಗೆ ತಂದು, ಅವಳ ಪರವಾಗಿ ಸತ್ಯವನ್ನೇ ನುಡಿಯುವ ದಾರಿ ಅವನಿಗೆ ತೆರೆದಿತ್ತು. ಅದನ್ನು ಬಿಟ್ಟು ಅವನು ಕೊಟ್ಟ ರಕ್ಷಣೆಯೇ ಅವಳಿಗೆ ಉರುಳಾಯಿತು.

ಇದು ಪತ್ತೇದಾರರಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಮಗನ ತಪ್ಪನ್ನು ಮುಚ್ಚುವ ತಂದೆ, ಅಣ್ಣನ ವಂಚನೆಯನ್ನು ಅರಿತೂ ಸುಮ್ಮನಿರುವ ತಮ್ಮ ಪ್ರತಿ ಮನೆತನದಲ್ಲೂ ಇರಬಹುದು. ತಪ್ಪಿದವರ ಕೈಹಿಡಿದು ಸತ್ಯದ ಎದುರಿಗೆ ತಂದು ನಿಲ್ಲಿಸಿ, ತಾವೂ ಅವರ ಪಕ್ಕದಲ್ಲಿ ನಿಲ್ಲುವುದು ಕಷ್ಟದ ಕೆಲಸ. ಆದರೂ ಒಲವಿನ ನಿಜವಾದ ಹೊಣೆ ಅದೇ.