‘ನಾರ್ಮಲ್’ ರಿಪೋರ್ಟ್ ಹೇಳದೇ ಬಿಡುವುದು

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ, ಗಲ್ಲದ ಮೇಲೆ ಒರಟು ಕೂದಲು ಬೆಳೆಯುತ್ತಿದೆ, ಆದರೆ ಲ್ಯಾಬ್ ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ‘ನಾರ್ಮಲ್’. ಹಾಗಾದರೆ ಪಿಸಿಓಎಸ್, ಅಂದರೆ ಜನ ಪಿಸಿಓಡಿ ಎಂದು ಕರೆಯುವ ತೊಂದರೆ, ಇಲ್ಲವೆಂದು ನಿಶ್ಚಿಂತೆಯಿಂದ ಇರಬಹುದೇ? ಇರಲಾಗದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿದ ಮಾನದಂಡದ ಪ್ರಕಾರ ವಯಸ್ಕ ಹೆಣ್ಣಿನಲ್ಲಿ ಮೂರು ಲಕ್ಷಣಗಳ ಪೈಕಿ ಎರಡಿದ್ದರೆ ಸಾಕು: ಅಂಡ ಬಿಡುಗಡೆಯಲ್ಲಿ ಏರುಪೇರು, ಟೆಸ್ಟೋಸ್ಟೆರಾನ್‌ನಂಥ ಆಂಡ್ರೋಜನ್ ಹಾರ್ಮೋನುಗಳ ಹೆಚ್ಚಳ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ವಿಶಿಷ್ಟ ರೂಪ. ಆಂಡ್ರೋಜನ್ ಹೆಚ್ಚಿರುವುದು ರಕ್ತದಲ್ಲೇ ತಿಳಿಯಬೇಕೆಂದೇನಿಲ್ಲ, ಮೈಮೇಲೆ ಕಂಡರೂ ಆಯಿತು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮುಟ್ಟು ಏರುಪೇರಾಗಿ, ಗಂಡಸರಂತೆ ಕೂದಲು ಬೆಳೆದು, ಥೈರಾಯ್ಡ್, ಪ್ರೊಲ್ಯಾಕ್ಟಿನ್‌ನಂಥ ಬೇರೆ ಕಾರಣಗಳಿಲ್ಲವೆಂದು ಖಾತ್ರಿಯಾದರೆ, ರೋಗ ಗುರುತಿಸಲು ಟೆಸ್ಟೋಸ್ಟೆರಾನ್ ಅಂಕಿಗಾಗಿ ಕಾಯಬೇಕಿಲ್ಲ.

ಆ ಅಂಕಿಯನ್ನು ಅತಿಯಾಗಿ ನಂಬಬಾರದೆನ್ನಲು ಇನ್ನೂ ದೊಡ್ಡ ಕಾರಣವಿದೆ. ಗಂಡಸರ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಟೆಸ್ಟೋಸ್ಟೆರಾನ್ ಇದ್ದರೆ ಹೆಂಗಸರಲ್ಲಿ ಇರುವುದು ಸುಮಾರು 15ರಿಂದ 70. ಬಹುತೇಕ ಲ್ಯಾಬ್‌ಗಳು ಬಳಸುವ ಇಮ್ಯುನೋಅಸೇ ವಿಧಾನ ಗಂಡಸರ ಮಟ್ಟಕ್ಕೆ ಹೊಂದುತ್ತದೆ; ಹೆಂಗಸರ ಮಟ್ಟಕ್ಕೆ ಇಳಿದಾಗ ಅದು ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ. ಈ ವಿಧಾನದ ಕಿಟ್‌ನಲ್ಲಿರುವ ಆ್ಯಂಟಿಬಾಡಿ ಟೆಸ್ಟೋಸ್ಟೆರಾನನ್ನು ಹೋಲುವ ಇತರ ಸ್ಟೀರಾಯ್ಡ್‌ಗಳಿಗೂ ಅಂಟಿಕೊಳ್ಳುವುದುಂಟು. ಹೆಂಗಸರ ವಿಷಯದಲ್ಲಿ ಈ ಕಿಟ್‌ಗಳು ಬರೀ ಊಹೆಗಿಂತ ಮೇಲೇ ಎಂದು 2003ರಲ್ಲಿ ‘ಕ್ಲಿನಿಕಲ್ ಕೆಮಿಸ್ಟ್ರಿ’ ಪತ್ರಿಕೆಯ ಸಂಪಾದಕೀಯವೊಂದು ತಲೆಬರಹದಲ್ಲೇ ಕೇಳಿತ್ತು. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಹೆಚ್ಚು ನಿಖರ. ಮಾರ್ಗಸೂಚಿ ಶಿಫಾರಸು ಮಾಡುವುದೂ ಅದನ್ನೇ. ಇಷ್ಟಾದರೂ ಒಟ್ಟು ಟೆಸ್ಟೋಸ್ಟೆರಾನ್ ಪೂರ್ತಿ ಕಥೆ ಹೇಳುವುದಿಲ್ಲ. ಅದರ ಬಹುಪಾಲು ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಎಂಬ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ; ಬಿಡಿಯಾಗಿರುವುದು ನೂರಕ್ಕೆ ಒಂದೆರಡು ಪಾಲಷ್ಟೆ. ಪಿಸಿಓಎಸ್ ಇರುವ ಅನೇಕರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ, ಅದರಿಂದಾಗಿ ಪಿತ್ತಜನಕಾಂಗ ಎಸ್‌ಎಚ್‌ಬಿಜಿಯನ್ನು ಕಡಿಮೆ ತಯಾರಿಸುತ್ತದೆ. ಆಗ ಒಟ್ಟು ಅಂಕಿ ಮಿತಿಯೊಳಗೇ ಇದ್ದರೂ ಬಿಡಿ ಟೆಸ್ಟೋಸ್ಟೆರಾನ್ ಏರಿರಬಹುದು. ಎಸ್‌ಎಚ್‌ಬಿಜಿಯನ್ನೂ ಅಳೆದು, ಎರಡರಿಂದ ಬಿಡಿ ಪ್ರಮಾಣವನ್ನು ಲೆಕ್ಕ ಹಾಕುವುದು ಇದಕ್ಕಾಗಿ. ಅದನ್ನು ನೇರವಾಗಿ ಅಳೆಯುತ್ತೇವೆಂದು ಹೇಳಿಕೊಳ್ಳುವ ಸಾಧಾರಣ ಕಿಟ್‌ಗಳ ಫಲಿತಾಂಶ ಭರವಸೆಗೆ ಯೋಗ್ಯವಲ್ಲ.

ಹಾಗಾದರೆ ಪರೀಕ್ಷೆಯೇ ದಂಡವಲ್ಲವೇ ಎಂದು ಕೇಳಬಹುದು. ಅಲ್ಲ. ಮೈಮೇಲೆ ಕೂದಲು ಸಹಜವಾಗಿಯೇ ವಿರಳವಾಗಿರುವವರಲ್ಲಿ, ವ್ಯಾಕ್ಸಿಂಗ್, ಲೇಸರ್‌ನಿಂದ ಲಕ್ಷಣ ಮರೆಯಾದವರಲ್ಲಿ ಆಂಡ್ರೋಜನ್ ಹೆಚ್ಚಿರುವುದನ್ನು ರಕ್ತವೇ ಹೇಳಬೇಕು. ಅಂಕಿ ತೀರಾ ಮೇಲಿದ್ದು ಲಕ್ಷಣಗಳು ಕೆಲವೇ ತಿಂಗಳಲ್ಲಿ ಉಲ್ಬಣಿಸಿದ್ದರೆ, ಆಂಡ್ರೋಜನ್ ಸ್ರವಿಸುವ ಗಡ್ಡೆಯನ್ನು ಹುಡುಕಬೇಕಾಗುತ್ತದೆ. 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ಪರೀಕ್ಷೆ ಅಡ್ರಿನಲ್ ಗ್ರಂಥಿಯ ಆನುವಂಶಿಕ ದೋಷವೊಂದನ್ನು ಬೇರ್ಪಡಿಸುತ್ತದೆ. ಅದು ನೋಡುವುದಕ್ಕೆ ಪಿಸಿಓಎಸ್‌ನ ಅವಳಿಯಂತಿರುತ್ತದೆ. ಮಾಸ್ ಸ್ಪೆಕ್ಟ್ರೋಮೆಟ್ರಿಯ ದುಬಾರಿ ಯಂತ್ರ ಎಲ್ಲ ಊರಲ್ಲೂ ಎಲ್ಲಿದೆ ಎಂಬ ಆಕ್ಷೇಪವೂ ನ್ಯಾಯವೇ. ಆದರೆ ಮಾರ್ಗಸೂಚಿಯ ಮೊದಲ ಹೆಜ್ಜೆಗೆ ಆ ಯಂತ್ರ ಬೇಕಿಲ್ಲ. ಮುಟ್ಟಿನ ತಾರೀಖುಗಳನ್ನು ಕೇಳಿ ಬರೆದುಕೊಳ್ಳುವ, ಗಲ್ಲ, ಎದೆ, ಹೊಟ್ಟೆಯ ಮೇಲಿನ ಕೂದಲನ್ನು ಗಮನಿಸುವ ತಾಳ್ಮೆ ವೈದ್ಯರಲ್ಲಿದ್ದರೆ ಎಷ್ಟೋ ಪ್ರಕರಣಗಳು ಅಲ್ಲೇ ಇತ್ಯರ್ಥವಾಗುತ್ತವೆ. ‘ಹಾರ್ಮೋನ್ ಪ್ಯಾಕೇಜ್’ ಎಂದು ಹತ್ತಾರು ಪರೀಕ್ಷೆ ಒಟ್ಟಿಗೆ ಮಾರುವ ಇಂದಿನ ರೂಢಿಯಲ್ಲಿ ಈ ಮಾತುಕತೆಗೇ ಜಾಗವಿಲ್ಲ.

ಇನ್ನು ಗರ್ಭನಿರೋಧಕ ಗುಳಿಗೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಪರೀಕ್ಷೆ ಬಹುಮಟ್ಟಿಗೆ ವ್ಯರ್ಥ. ಗುಳಿಗೆ ಎಸ್‌ಎಚ್‌ಬಿಜಿಯನ್ನು ಏರಿಸಿ, ಅಂಡಾಶಯದ ಆಂಡ್ರೋಜನ್ ತಯಾರಿಕೆಯನ್ನು ತಗ್ಗಿಸುತ್ತದೆ. ಪರೀಕ್ಷೆ ಬೇಕೇ ಬೇಕೆಂದಾದರೆ ಗುಳಿಗೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಾಯಬೇಕು, ಆ ಅವಧಿಯಲ್ಲಿ ಗರ್ಭ ತಡೆಯಲು ಬೇರೆ ಉಪಾಯವೇನೆಂದು ವೈದ್ಯರೊಡನೆ ಮೊದಲೇ ಮಾತಾಡಿಕೊಂಡಿರಬೇಕು.