ಮೊದಲ ದರ್ಜೆಯ ವಿಮಾನಯಾನ: ಯಾರ ಹಣ, ಯಾರ ಸುಖ?

ವರ್ಷಕ್ಕೊಮ್ಮೆ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವುದನ್ನು ಕಂಡವರಿಗೆ, ಪ್ರಯಾಣದಲ್ಲಿ ದರ್ಜೆಯೆಂದರೇನೆಂಬುದನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಒಂದೇ ಗಾಡಿಯಲ್ಲಿ ಹುಲ್ಲು ದಪ್ಪನಾಗಿ ಹಾಸಿದ ಜಾಗವೂ ಉಂಟು, ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಜಾಗವೂ ಉಂಟು. ಮೆತ್ತನೆಯ ಜಾಗವು ಮನೆಯ ಅಜ್ಜಿಗೋ ಎಳೆಗೂಸಿನ ತಾಯಿಗೋ ಸಲ್ಲುವುದು. ಗಟ್ಟಿಮುಟ್ಟಾದ ಯುವಕನು ಹಿಂದೆ ಕುಳಿತು, ಏರು ಬಂದಲ್ಲಿ ಇಳಿದು ನಡೆಯುವನು. ಇಲ್ಲಿ ದರ್ಜೆಯನ್ನು ನಿರ್ಣಯಿಸುವುದು ಅಗತ್ಯ. ವಿಮಾನದಲ್ಲಿ ಅದನ್ನು ನಿರ್ಣಯಿಸುವುದು ಹಣ. ಆ ಹಣಕ್ಕೆ ತಕ್ಕ ಫಲವುಂಟೆ ಎಂಬುದೇ ಈ ಲೇಖನದ ವಿಚಾರ.

ಈ ಪ್ರಶ್ನೆ ನಮ್ಮ ಸೀಮೆಗೆ ದೂರದ್ದೆಂದು ವಾಚಕರು ಭಾವಿಸಬಾರದು. ನೆರೆಯ ಶಿವಮೊಗ್ಗದ ಸೋಗಾನೆಯಲ್ಲಿ ೨೦೨೩ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣವು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವು ಬಂದಿಳಿಯಿತು. ಆ ಪುಟ್ಟ ವಿಮಾನದಲ್ಲಿ ಮೇಲ್ದರ್ಜೆ ಕೆಳದರ್ಜೆಗಳೆಂಬ ಭೇದವೇ ಇರಲಿಲ್ಲ. ಒಂದು ಗಂಟೆಯ ದಾರಿಗೆ ಅದರ ಅಗತ್ಯವೂ ಇಲ್ಲ. ಅಗತ್ಯವು ತಲೆದೋರುವುದು ಸಮುದ್ರ ದಾಟುವ ಹಾದಿಯಲ್ಲಿ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲಿಯೂ ವಿರಳವಲ್ಲ.

ಹಾಗಾದರೆ ಮೊದಲ ದರ್ಜೆಯಲ್ಲಿ ಮಾರುವ ವಸ್ತು ಯಾವುದು? ವೇಗವಂತೂ ಅಲ್ಲ, ಮುಂದಿನವನೂ ಹಿಂದಿನವನೂ ಒಂದೇ ಗಳಿಗೆಯಲ್ಲಿ ನೆಲಮುಟ್ಟುವರು. ಸುರಕ್ಷತೆಯೂ ಅಲ್ಲ. ಮಾರುವುದು ಸ್ಥಳವನ್ನು, ಏಕಾಂತವನ್ನು, ನಿದ್ರೆಯನ್ನು, ಉಪಚಾರವನ್ನು. ೨೦೨೧ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ವಿಮಾನವನ್ನೇ ತೆಗೆದುಕೊಳ್ಳೋಣ. ಮಹಿಳೆಯರೇ ನಡೆಸಿದ ಆ ವಿಮಾನದಲ್ಲಿದ್ದ ಆಸನಗಳು ಒಟ್ಟು ೨೩೮. ಅವುಗಳಲ್ಲಿ ಮೊದಲ ದರ್ಜೆಯವು ೮, ಎರಡನೆಯದಾದ ವ್ಯಾಪಾರಿ ದರ್ಜೆಯವು ೩೫, ಸಾಮಾನ್ಯರವು ೧೯೫. ೨೦೨೨ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬರಲಾರಂಭಿಸಿದ ಎಮಿರೇಟ್ಸ್ ಸಂಸ್ಥೆಯ ಎರಡಂತಸ್ತಿನ ವಿಮಾನದಲ್ಲಂತೂ ಬಾಗಿಲು ಮುಚ್ಚಿಕೊಳ್ಳಬಹುದಾದ ೧೪ ಕೋಣೆಗಳೂ, ಆಕಾಶದಲ್ಲಿಯೇ ಮೀಯಲು ಸ್ನಾನಗೃಹವೂ ಉಂಟು. ನೀರು ಸುರಿಯುವ ಅವಧಿ ಮಾತ್ರ ಐದು ನಿಮಿಷ! ನಮ್ಮ ಹಂಡೆಯ ಬಿಸಿನೀರಿನ ಅಭ್ಯಂಜನವನ್ನು ಬಲ್ಲವರು ಇದರ ಬೆಲೆಯನ್ನು ತಾವೇ ಕಟ್ಟಿಕೊಳ್ಳಲಿ.

ಮೀಯುವ ನೀರನ್ನೂ ಹೊತ್ತೇ ಹಾರಬೇಕು; ಒಬ್ಬನು ಮಲಗುವ ಸ್ಥಳದಲ್ಲಿ ಹಲವರು ಕೂರಬಹುದು. ಆದುದರಿಂದ ಮೊದಲ ದರ್ಜೆಯ ಟಿಕೆಟ್ಟು ಸಾಮಾನ್ಯ ಟಿಕೆಟ್ಟಿನ ಹಲವು ಪಟ್ಟಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಹದಿನಾರು ಹದಿನೇಳು ಗಂಟೆ ಕುಳಿತೇ ಇರಬೇಕಾದ ವೃದ್ಧರಿಗೆ, ಬೆನ್ನುನೋವಿನವರಿಗೆ, ಚಿಕಿತ್ಸೆ ಪಡೆದು ಮರಳುವವರಿಗೆ ಮಲಗುವ ಸೌಕರ್ಯವು ವಿಲಾಸವಲ್ಲ, ಆವಶ್ಯಕವೇ. ಆದರೆ ಅಷ್ಟು ಸೌಕರ್ಯವು ಈಗ ದೂರದ ಮಾರ್ಗಗಳಲ್ಲಿ ವ್ಯಾಪಾರಿ ದರ್ಜೆಯಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆ. ಅದಕ್ಕಿಂತ ಮೇಲೆ ತೆರುವ ಹಣವು ದೇಹಕ್ಕೆ ಸಲ್ಲುವುದಕ್ಕಿಂತ ಹೆಚ್ಚಾಗಿ ಪ್ರತಿಷ್ಠೆಗೆ ಸಲ್ಲುತ್ತದೆ. ದುಡಿದು ಗಳಿಸಿದವನು ತನ್ನ ಹಣದಿಂದ ಪ್ರತಿಷ್ಠೆಯನ್ನು ಕೊಂಡರೆ ಅದು ಅವನ ಇಷ್ಟ. ನಾವು ಆಕ್ಷೇಪಿಸಲು ಬರುವುದಿಲ್ಲ.

ಆಕ್ಷೇಪಕ್ಕೆ ಎಡೆಯಾಗುವುದು ಇನ್ನೊಬ್ಬರ ಹಣದಲ್ಲಿ ವೈಭವವು ನಡೆದಾಗ. ಕನ್ನಡನಾಡು ಇದಕ್ಕೆ ಕಣ್ಣಾರೆ ಸಾಕ್ಷಿಯಾಗಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ, ಹುಬ್ಬಳ್ಳಿಯಂಥ ಊರುಗಳ ಸಾಮಾನ್ಯರನ್ನು ಅಲ್ಪ ದರದಲ್ಲಿ ವಿಮಾನವೇರಿಸಿದರು. ಎರಡು ವರ್ಷಗಳ ತರುವಾಯ, ೨೦೦೫ರಲ್ಲಿ, ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯರ ಕಿಂಗ್‌ಫಿಷರ್ ವೈಭವವನ್ನೇ ಧ್ವಜವಾಗಿ ಹಿಡಿದು ಹಾರಿತು. ೨೦೦೭ರಲ್ಲಿ ಎರಡನೆಯದು ಮೊದಲನೆಯದರಲ್ಲಿ ಪಾಲು ಕೊಂಡು, ಮುಂದೆ ಅದನ್ನು ತನ್ನಲ್ಲಿ ಕರಗಿಸಿಕೊಂಡಿತು. ೨೦೧೨ರ ಅಕ್ಟೋಬರ್‌ನಲ್ಲಿ ಆ ವೈಭವದ ವಿಮಾನಗಳೂ ನೆಲಕಚ್ಚಿದವು. ಪತನಕ್ಕೆ ಇಂಧನದ ಬೆಲೆಯೇ ಮೊದಲಾಗಿ ಕಾರಣಗಳು ಹಲವು. ಆದರೆ ನೌಕರರಿಗೆ ಸಂಬಳ ನಿಂತುದೂ, ಸಾರ್ವಜನಿಕ ಬ್ಯಾಂಕುಗಳ ಸಾವಿರಾರು ಕೋಟಿ ರೂಪಾಯಿ ಬಾಕಿ ಉಳಿದುದೂ, ೨೦೧೬ರಲ್ಲಿ ಒಡೆಯರು ದೇಶ ಬಿಟ್ಟುದೂ ಎಲ್ಲರೂ ಬಲ್ಲ ಸಂಗತಿಗಳು. ಆ ವಿಮಾನವನ್ನು ಎಂದೂ ಹತ್ತದವನ ಠೇವಣಿಯೂ ಆ ಬ್ಯಾಂಕುಗಳಲ್ಲಿತ್ತೆಂಬುದನ್ನು ಮರೆಯಲಾಗದು.

ಅಧಿಕಾರಸ್ಥರ ವಿಷಯವೂ ಇಂಥದೇ. ೨೦೦೯ರಲ್ಲಿ ಕೇಂದ್ರ ಸರ್ಕಾರವು ಮಿತವ್ಯಯವನ್ನು ಸಾರಿದಾಗ, ಪಂಚತಾರಾ ಹೋಟೆಲುಗಳಲ್ಲಿ ತಂಗಿದ್ದ ಇಬ್ಬರು ವಿದೇಶಾಂಗ ಸಚಿವರು ಅಲ್ಲಿಂದ ಹೊರಡಬೇಕಾಯಿತು. ಅವರಲ್ಲೊಬ್ಬರು ನಮ್ಮವರೇ ಆದ ದಿವಂಗತ ಎಸ್. ಎಂ. ಕೃಷ್ಣ, ವೆಚ್ಚವನ್ನು ತಾವೇ ಭರಿಸುತ್ತಿರುವುದಾಗಿ ಅವರು ಹೇಳಿದ್ದರು. ಇನ್ನೊಬ್ಬರಾದ ಶಶಿ ತರೂರರು ವಿಮಾನದ ಸಾಮಾನ್ಯ ದರ್ಜೆಯನ್ನು ವಿನೋದಕ್ಕಾಗಿ ‘ದನಗಳ ದರ್ಜೆ’ ಎಂದು ಕರೆದು ಟೀಕೆಗೆ ಗುರಿಯಾದರು. ಅಮೃತಮಹಲ್ ತಳಿಯ ರಾಸುಗಳನ್ನು ಗೌರವದಿಂದ ಸಾಕಿದ ಅಜ್ಜಂಪುರದವರಿಗೆ ಈ ಹೋಲಿಕೆಯಲ್ಲಿ ಅವಮಾನ ದನಕ್ಕೋ ಜನಕ್ಕೋ ಎಂಬ ಸಂದೇಹ ಬಂದರೆ ತಪ್ಪೇನು?

೧೮೯೩ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲ ದರ್ಜೆಯ ಟಿಕೆಟ್ಟು ಕೈಯಲ್ಲಿದ್ದರೂ ಗಾಂಧೀಜಿಯನ್ನು ರೈಲಿನಿಂದ ಹೊರದೂಡಿದರು. ಅಂದು ಆ ದರ್ಜೆಯ ಹಕ್ಕಿಗಾಗಿ ಹಟ ಹಿಡಿದವರೇ, ಸ್ವದೇಶಕ್ಕೆ ಮರಳಿದ ಬಳಿಕ ತಾವಾಗಿ ಮೂರನೆಯ ದರ್ಜೆಯಲ್ಲಿ ಸಂಚರಿಸಿ ೧೯೧೭ರಲ್ಲಿ ಅದರ ಹೊಲಸನ್ನೂ ನೂಕುನುಗ್ಗಲನ್ನೂ ಲೋಕಕ್ಕೆ ಬರೆದು ತಿಳಿಸಿದರು. ಇವೆರಡರಲ್ಲಿ ವಿರೋಧವಿಲ್ಲ. ಹಕ್ಕನ್ನು ಯಾರೂ ಕಸಿಯಬಾರದು. ಹಕ್ಕಿದ್ದವನು ಅದನ್ನು ಬಳಸಲೇಬೇಕೆಂಬ ನಿರ್ಬಂಧವೂ ಇಲ್ಲ. ಮೂರನೆಯ ದರ್ಜೆಯು ೧೯೭೪ರಲ್ಲಿ ರದ್ದಾಯಿತು. ೧೯೭೭ರಲ್ಲಿ ರೈಲ್ವೆ ಸಚಿವರಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮರದ ಹಲಗೆಗಳಿಗೆ ಮೆತ್ತೆ ಹಾಕಿಸಿದರು. ಮೇಲಿನವರನ್ನು ಕೆಳಗಿಳಿಸದೆ ಕೆಳಗಿನವರನ್ನು ಮೇಲೆತ್ತಿದ ಆ ಎರಡಂಗುಲದ ಮೆತ್ತೆಯಿಂದ ಸುಖಪಟ್ಟವರು ಲಕ್ಷಾಂತರ ಮಂದಿ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಸ್ವಂತ ಹಣವಿದ್ದು, ದೇಹಕ್ಕೆ ಅಗತ್ಯವಿದ್ದರೆ ಮೇಲ್ದರ್ಜೆಯ ವೆಚ್ಚವು ಸಾರ್ಥಕ. ಸ್ವಂತ ಹಣವಿದ್ದು ಅಗತ್ಯವಿಲ್ಲದಿದ್ದರೆ ಅದೊಂದು ಹವ್ಯಾಸ. ಪರರ ಹಣವಾದರೆ, ಅದು ಬ್ಯಾಂಕಿನದಾಗಲಿ ಬೊಕ್ಕಸದ್ದಾಗಲಿ, ಅಗತ್ಯವನ್ನು ಸ್ಥಾಪಿಸುವ ಹೊಣೆ ಕೂರುವವನದು. ವಯಸ್ಸಾದ ತಂದೆತಾಯಿಗಳಿಗೆ ಒಳ್ಳೆಯ ಆಸನ ಕೊಡಿಸಿ ತಾನು ಹಿಂದೆ ಕುಳಿತು ಬರುವ ಮಗನು ಲೆಕ್ಕದಲ್ಲಿ ಎಂದೂ ಸೋಲುವುದಿಲ್ಲ. ಅಂತರಘಟ್ಟೆಯ ಹಾದಿಯ ಗಾಡಿಗಳಲ್ಲಿ ಇದು ಹಳೆಯ ವಾಡಿಕೆ. ವಿಮಾನಕ್ಕೂ ಅದೇ ಸಾಕು.